ಅಪ್ಪನ ಹೆಸರಿನ ಜಾಗ ಖಾಲಿ: ಹೆಮಿಂಗ್ಸ್ ಕುಟುಂಬದ ಇತಿಹಾಸಕ್ಕೆ ಈಗ ಯಾಕೆ ಜಗಳ?

ಅಮೆರಿಕದಲ್ಲಿ ಈಗ ಬೋರ್ಡುಗಳಿಗಾಗಿ ಜಗಳ ನಡೆದಿದೆ. ಹಳೆಯ ಮನೆ, ಸ್ಮಾರಕ, ಉದ್ಯಾನಗಳಲ್ಲಿ ಪ್ರವಾಸಿಗರು ಎರಡು ನಿಮಿಷ ನಿಂತು ಓದಿ ಮುಂದೆ ಹೋಗುವಂಥ ಬೋರ್ಡುಗಳು ಅವು.

2025ರ ಮಾರ್ಚ್ 27ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಂದು ಆದೇಶಕ್ಕೆ ಸಹಿ ಹಾಕಿದರು. ಅಮೆರಿಕದ ಇತಿಹಾಸಕ್ಕೆ ಸತ್ಯವನ್ನೂ ವಿವೇಕವನ್ನೂ ಮರಳಿ ತರುತ್ತೇವೆ ಅನ್ನೋದು ಅದರ ಹೆಸರಿನ ಅರ್ಥ. ಹಿಂದೆ ಬದುಕಿದ್ದ ಅಥವಾ ಈಗ ಬದುಕಿರುವ ಅಮೆರಿಕನ್ನರನ್ನು ಅನುಚಿತವಾಗಿ ಹೀಗಳೆಯುವ ಬರಹ ಕೇಂದ್ರ ಸರ್ಕಾರದ ಸ್ಮಾರಕಗಳಲ್ಲಿ ಇರಬಾರದು ಎಂದು ಅದು ಹೇಳುತ್ತದೆ. ಅಂಥ ಬರಹ ಕಂಡರೆ ತಿಳಿಸಿ ಅಂತ ಪ್ರವಾಸಿಗರಿಗೇ ಹೇಳುವ ಫಲಕಗಳೂ ಉದ್ಯಾನಗಳಲ್ಲಿ ಬಂದವು. 2026ರ ಜನವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ವಿಷಯ ಬಿಸಿಯಾಯಿತು. ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷನಾಗಿದ್ದಾಗ ವಾಸವಿದ್ದ ಮನೆಯ ಜಾಗ ಅಲ್ಲಿದೆ. ಆತ ಆ ಮನೆಯಲ್ಲಿ ಇಟ್ಟುಕೊಂಡಿದ್ದ ಒಂಬತ್ತು ಗುಲಾಮರ ಕತೆ ಹೇಳುತ್ತಿದ್ದ ಫಲಕಗಳನ್ನು ರಾಷ್ಟ್ರೀಯ ಉದ್ಯಾನ ಇಲಾಖೆ ಕಳಚಿ ಒಯ್ದಿತು. ನಗರಾಡಳಿತ ಕೋರ್ಟಿಗೆ ಹೋಯಿತು.

ದೂರದಿಂದ ನೋಡುವವರಿಗೆ ಇದು ಗೊಂದಲವೇ. ಗುಲಾಮಗಿರಿ ಇತ್ತು ಅನ್ನೋದನ್ನು ಅಲ್ಲಿ ಯಾರೂ ಅಲ್ಲಗಳೆಯುತ್ತಿಲ್ಲ. 1865ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದು ಅದನ್ನು ರದ್ದು ಮಾಡಿದ್ದೂ ಶಾಲಾ ಪುಸ್ತಕದಲ್ಲೇ ಇದೆ. ಹಾಗಾದರೆ ಒಂಬತ್ತು ಜನರ ಹೆಸರಿರುವ ಬೋರ್ಡಿಗೆ ಯಾಕಿಷ್ಟು ರಂಪ?

ಗುಲಾಮಗಿರಿ ಅಂತ ಒಟ್ಟಾರೆ ಮಾತಾಡುವುದು ಸುಲಭ, ಒಂದು ಕುಟುಂಬದ ಹೆಸರು ಹಿಡಿದು ಮಾತಾಡುವುದು ಕಷ್ಟ. ಹೆಸರು ಬಂದರೆ ಸಂಬಂಧ ಬರುತ್ತದೆ, ಸಂಬಂಧ ಬಂದರೆ ಅಪ್ಪ ಯಾರು ಅನ್ನೋ ಪ್ರಶ್ನೆ ಬರುತ್ತದೆ. ಇದನ್ನು ಅರ್ಥ ಮಾಡಿಕೊಳ್ಳಲು ವರ್ಜೀನಿಯಾದ ಹೆಮಿಂಗ್ಸ್ ಕುಟುಂಬಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಘೋಷಣೆ ಬರೆದ ಮನೆಯಲ್ಲಿ ಒಬ್ಬ ಹುಡುಗ

1776ರ ಬೇಸಿಗೆ. ಫಿಲಡೆಲ್ಫಿಯಾದ ಒಂದು ಬಾಡಿಗೆ ಮನೆಯ ಮಹಡಿಯಲ್ಲಿ ಕೂತು ಥಾಮಸ್ ಜೆಫರ್ಸನ್, ಮುಂದೆ ಅಮೆರಿಕದ ಮೂರನೇ ಅಧ್ಯಕ್ಷನಾದವನು, ಸ್ವಾತಂತ್ರ್ಯ ಘೋಷಣೆಯ ಕರಡು ಬರೆಯುತ್ತಿದ್ದ. ಎಲ್ಲ ಮನುಷ್ಯರೂ ಹುಟ್ಟಿನಿಂದ ಸಮಾನರು ಎಂಬ ಮಾತು ಇರುವುದು ಅದರಲ್ಲೇ. ಆಗ ಆತನ ಚಾಕರಿಗೆ ಜೊತೆಯಲ್ಲಿದ್ದವನು 14 ವರ್ಷದ ರಾಬರ್ಟ್ ಹೆಮಿಂಗ್ಸ್. ರಾಬರ್ಟ್ ಗುಲಾಮ.

ಇಷ್ಟನ್ನು ಅಮೆರಿಕದ ಜನ ಹೇಗೋ ನುಂಗಿಕೊಳ್ಳುತ್ತಾರೆ, 'ಆ ಕಾಲವೇ ಹಾಗಿತ್ತು' ಅಂತ. ನುಂಗಲು ಕಷ್ಟವಾದದ್ದು ಇನ್ನೊಂದಿದೆ. ರಾಬರ್ಟ್‌ನ ಅಪ್ಪ ಜಾನ್ ವೇಲ್ಸ್. ಜೆಫರ್ಸನ್‌ನ ಹೆಂಡತಿ ಮಾರ್ಥಾಳ ಅಪ್ಪನೂ ಅದೇ ಜಾನ್ ವೇಲ್ಸ್. ನಮ್ಮ ಸಂಬಂಧದ ಲೆಕ್ಕದಲ್ಲಿ ಹೇಳುವುದಾದರೆ, ಜೆಫರ್ಸನ್‌ಗೆ ಊಟ ಬಟ್ಟೆ ನೋಡಿಕೊಳ್ಳುತ್ತಿದ್ದ ಹುಡುಗ ಆತನ ಬಾಮೈದ.

1662ರ ಒಂದು ಕಾನೂನು

ಒಬ್ಬ ಅಪ್ಪನ ಮಕ್ಕಳಲ್ಲಿ ಒಬ್ಬಳು ಯಜಮಾನಿ, ಇನ್ನೊಬ್ಬ ಗುಲಾಮ. ಇದು ಹೇಗೆ ಸಾಧ್ಯ? ಇದಕ್ಕೆ ಉತ್ತರ ಒಂದು ಕಾನೂನಿನಲ್ಲಿದೆ.

ಇಂಗ್ಲೆಂಡಿನ ಪದ್ಧತಿಯಲ್ಲಿ ಮಗುವಿನ ಸ್ಥಾನಮಾನ ಅಪ್ಪನಿಂದ ಬರುತ್ತಿತ್ತು. ವರ್ಜೀನಿಯಾ ಆಗ ಇಂಗ್ಲೆಂಡಿನ ವಸಾಹತು. 1650ರ ದಶಕದಲ್ಲಿ ಎಲಿಜಬೆತ್ ಕೀ ಎಂಬ ಹೆಂಗಸು ಅಲ್ಲಿನ ಕೋರ್ಟಿಗೆ ಹೋದಳು. ಅಮ್ಮ ಆಫ್ರಿಕಾದವಳು, ಅಪ್ಪ ಇಂಗ್ಲಿಷಿನವ. ಅಪ್ಪ ಸ್ವತಂತ್ರನಾಗಿದ್ದರಿಂದ ನಾನೂ ಸ್ವತಂತ್ರಳು ಅನ್ನೋದು ಆಕೆಯ ಮುಖ್ಯ ವಾದಗಳಲ್ಲಿ ಒಂದು. ಆಕೆ ಗೆದ್ದಳು.

ಜಮೀನ್ದಾರರಿಗೆ ಅಪಾಯ ಕಂಡಿತು. ತಮ್ಮ ತೋಟಗಳಲ್ಲಿ ಗುಲಾಮ ಹೆಂಗಸರ ಹೊಟ್ಟೆಯಲ್ಲಿ ಬಿಳಿ ಗಂಡಸರಿಗೆ ಹುಟ್ಟಿದ ಮಕ್ಕಳು ಎಷ್ಟೋ ಇದ್ದವು. ಅವರೆಲ್ಲ ಹೀಗೇ ಕೋರ್ಟಿಗೆ ಬಂದರೆ? 1662ರಲ್ಲಿ ವರ್ಜೀನಿಯಾದ ಶಾಸನಸಭೆ ಹೊಸ ಕಾನೂನು ಮಾಡಿತು. ಮಗು ಸ್ವತಂತ್ರವೋ ಗುಲಾಮವೋ ಅನ್ನೋದನ್ನು ಇನ್ನು ಮುಂದೆ ಅಮ್ಮನ ಸ್ಥಿತಿ ನೋಡಿ ಮಾತ್ರ ತೀರ್ಮಾನಿಸಬೇಕು. ಅಪ್ಪ ಯಾರಾದರೂ ಆಗಲಿ, ಲೆಕ್ಕಕ್ಕಿಲ್ಲ.

ಒಂದೇ ಸಾಲಿನ ನಿಯಮ, ಆದರೆ ಅದರಿಂದ ಆದದ್ದು ಬಹಳ. ಗುಲಾಮ ಹೆಂಗಸಿನ ಹೊಟ್ಟೆಯ ಪ್ರತಿ ಮಗುವೂ ಯಜಮಾನನ ಆಸ್ತಿಗೆ ಸೇರ್ಪಡೆಯಾಯಿತು. ಆ ಮಗು ಯಜಮಾನನದ್ದೇ ಆಗಿದ್ದರೂ ಸಾಕುವ ಹೊಣೆ ಇಲ್ಲ, ಮಾರುವ ಹಕ್ಕು ಮಾತ್ರ ಇತ್ತು. ಎರಡು ವರ್ಷಕ್ಕೊಂದು ಮಗು ಹೆರುವ ಹೆಂಗಸು ತೋಟದ ಅತಿ ಗಟ್ಟಿ ಆಳಿಗಿಂತ ಲಾಭದಾಯಕ ಎಂಬ ಅರ್ಥದ ಮಾತನ್ನು 1820ರ ಒಂದು ಪತ್ರದಲ್ಲಿ ಜೆಫರ್ಸನ್ನೇ ಬರೆದಿದ್ದಾನೆ.

ಈ ಕಾನೂನು ಇನ್ನೊಂದು ಕೆಲಸವನ್ನೂ ಮಾಡಿತು. ಗುಲಾಮ ಮಗುವಿನ ಅಪ್ಪನ ಹೆಸರು ಬರೆದಿಡಬೇಕಾದ ಅಗತ್ಯವೇ ಇಲ್ಲದಂತೆ ಮಾಡಿತು. ಮುಂದೆ ನಡೆದ ಎರಡು ಶತಮಾನಗಳ ಜಗಳದ ಬೀಜ ಇಲ್ಲಿದೆ.

ಬೆಟ್ಟಿಯ ಮಕ್ಕಳು

ಕುಟುಂಬದ ಹಿರಿಯಳು ಎಲಿಜಬೆತ್ ಹೆಮಿಂಗ್ಸ್. ಎಲ್ಲರೂ ಕರೆಯುತ್ತಿದ್ದದ್ದು ಬೆಟ್ಟಿ ಅಂತ. ಹುಟ್ಟಿದ್ದು ಸುಮಾರು 1735ರಲ್ಲಿ. ಮನೆತನದಲ್ಲಿ ಉಳಿದುಬಂದ ಮಾತಿನ ಪ್ರಕಾರ ಆಕೆಯ ಅಮ್ಮ ಆಫ್ರಿಕಾದವಳು, ಅಪ್ಪ ಹೆಮಿಂಗ್ಸ್ ಎಂಬ ಇಂಗ್ಲಿಷ್ ಹಡಗಿನ ಕ್ಯಾಪ್ಟನ್. ಮಗಳನ್ನು ದುಡ್ಡು ಕೊಟ್ಟು ಬಿಡಿಸಿಕೊಳ್ಳಲು ಕ್ಯಾಪ್ಟನ್ ಮುಂದೆ ಬಂದನಂತೆ. ಯಜಮಾನ ಒಪ್ಪಲಿಲ್ಲವಂತೆ. ಎರಡು ಬಣ್ಣ ಬೆರೆತ ಮಗು ಬೆಳೆದು ಹೇಗಾಗುತ್ತದೆ ನೋಡೋಣ ಅನ್ನೋ ಕುತೂಹಲ ಆತನಿಗೆ!

ಮದುವೆಯೊಂದರ ಜೊತೆ ಬಂದ ಆಸ್ತಿಯಾಗಿ ಬೆಟ್ಟಿ ಜಾನ್ ವೇಲ್ಸ್ ಮನೆ ಸೇರಿದಳು. ವೇಲ್ಸ್ ವಕೀಲ, ಜಮೀನ್ದಾರ, ಗುಲಾಮರ ವ್ಯಾಪಾರಿ. ಆತನಿಂದ ಬೆಟ್ಟಿಗೆ ಆರು ಮಕ್ಕಳಾದವು: ರಾಬರ್ಟ್, ಜೇಮ್ಸ್, ಥೀನಿಯಾ, ಕ್ರಿಟಾ, ಪೀಟರ್, ಸ್ಯಾಲಿ. ಬೇರೆ ಗಂಡಸರಿಂದ ಆದವರೂ ಸೇರಿ ಒಟ್ಟು ಹನ್ನೆರಡು. 1773ರಲ್ಲಿ ವೇಲ್ಸ್ ಸತ್ತ. ಅಳಿಯ ಜೆಫರ್ಸನ್‌ಗೆ ಜಮೀನು, ದೊಡ್ಡ ಸಾಲ, 135 ಗುಲಾಮರು ಬಂದರು. ಅವರಲ್ಲಿ ಬೆಟ್ಟಿಯೂ ಮಕ್ಕಳೂ ಇದ್ದರು. ಕೊನೆಯವಳು ಸ್ಯಾಲಿ ಆಗ ಕೈಕೂಸು.

ಜೆಫರ್ಸನ್‌ನ ಮಾಂಟಿಸೆಲೊ ಮನೆಯಲ್ಲಿ ಈ ಕುಟುಂಬಕ್ಕೆ ಹೊಲದ ಕೆಲಸ ಇರಲಿಲ್ಲ. ಅಡುಗೆ, ಬಡಗಿ ಕೆಲಸ, ಕಮ್ಮಾರಿಕೆ, ಮನೆಯೊಳಗಿನ ಚಾಕರಿ ಅವರ ಪಾಲಿಗೆ ಬಂತು. ಗಂಡುಮಕ್ಕಳು ಕೆಲವೊಮ್ಮೆ ಬೇರೆ ಊರಲ್ಲಿ ದುಡಿದು ಸಂಬಳ ಇಟ್ಟುಕೊಳ್ಳಬಹುದಿತ್ತು. ಇದನ್ನೇ ತೋರಿಸಿ 'ಅವರನ್ನು ಚೆನ್ನಾಗಿ ನೋಡಿಕೊಂಡಿದ್ದರು' ಅನ್ನುವವರು ಇವತ್ತೂ ಇದ್ದಾರೆ. ಸ್ವಲ್ಪ ಹತ್ತಿರದಿಂದ ನೋಡಿ. ಜೇಮ್ಸ್‌ನನ್ನು 1784ರಲ್ಲಿ ಜೆಫರ್ಸನ್ ಪ್ಯಾರಿಸ್‌ಗೆ ಕರೆದೊಯ್ದು ಫ್ರೆಂಚ್ ಅಡುಗೆ ಕಲಿಸಿದ. ಆತ ಅಲ್ಲಿ ದೊಡ್ಡ ಬಾಣಸಿಗನಾದ. ಬಿಡುಗಡೆ ಕೇಳಿದಾಗ 1793ರಲ್ಲಿ ಬರಹದ ಒಪ್ಪಂದವಾಯಿತು: ಮೊದಲು ಇನ್ನೊಬ್ಬನಿಗೆ ಈ ಅಡುಗೆ ಕಲಿಸು, ಆಮೇಲೆ ಬಿಡುತ್ತೇನೆ. ಜೇಮ್ಸ್ ಕಲಿಸಿದ್ದು ತಮ್ಮ ಪೀಟರ್‌ಗೆ. 1796ರಲ್ಲಿ ಅಣ್ಣ ಹೊರಗೆ ಹೋದ, ತಮ್ಮ ಅದೇ ಒಲೆಯ ಮುಂದೆ ನಿಂತ. ಹೋಗುವ ಮುಂಚೆ ಅಡುಗೆಮನೆಯ ಪಾತ್ರೆಪಗಡಗಳ ಪಟ್ಟಿಯನ್ನು ಜೇಮ್ಸ್ ತನ್ನ ಕೈಯಲ್ಲೇ ಬರೆದ. ಆ ಹಾಳೆ ಇವತ್ತಿಗೂ ಇದೆ. ಐದು ವರ್ಷದಲ್ಲಿ, 1801ರಲ್ಲಿ, ಬಾಲ್ಟಿಮೋರ್‌ನಲ್ಲಿ ಆತ್ಮಹತ್ಯೆ ಮಾಡಿಕೊಂಡ.

ಪ್ಯಾರಿಸ್‌ನಲ್ಲಿ ನಡೆದ ಮಾತುಕತೆ

1782ರಲ್ಲಿ ಮಾರ್ಥಾ ತೀರಿಕೊಂಡಿದ್ದಳು. ಜೆಫರ್ಸನ್ ಪ್ಯಾರಿಸ್‌ನಲ್ಲಿ ರಾಜತಾಂತ್ರಿಕ. 1787ರಲ್ಲಿ ತನ್ನ ಚಿಕ್ಕ ಮಗಳನ್ನು ಅಲ್ಲಿಗೆ ಕರೆಸಿಕೊಂಡ. ಹಡಗಿನಲ್ಲಿ ಮಗುವಿನ ಜೊತೆಗೆ ಬಂದವಳು 14 ವರ್ಷದ ಸ್ಯಾಲಿ. ಆತನಿಗೆ 44. ಸತ್ತ ಹೆಂಡತಿಯ ಮಲತಂಗಿ ಅವಳು. ನಮ್ಮ ಮಾತಿನಲ್ಲಿ ನಾದಿನಿ, ಆತನ ಲೆಕ್ಕದ ಪುಸ್ತಕದಲ್ಲಿ ಆಸ್ತಿ.

ಫ್ರಾನ್ಸಿನಲ್ಲಿ ಒಂದು ಅವಕಾಶ ಇತ್ತು. ಅಲ್ಲಿಗೆ ಕರೆತಂದ ಗುಲಾಮರು ಕೋರ್ಟಿಗೆ ಅರ್ಜಿ ಹಾಕಿದರೆ ಬಿಡುಗಡೆ ಪಡೆಯಬಹುದಿತ್ತು. ಮಗ ಮ್ಯಾಡಿಸನ್ ಮುಂದೆ ಹೇಳಿದ ಪ್ರಕಾರ 1789ರಲ್ಲಿ ವಾಪಸ್ ಹೊರಡುವ ಹೊತ್ತಿಗೆ ಸ್ಯಾಲಿ ಬಸುರಿ. ನಾನು ಬರಲ್ಲ ಅಂದಳು. ವಿಶೇಷ ಸವಲತ್ತು ಕೊಡುತ್ತೇನೆ, ನಿನಗೆ ಹುಟ್ಟುವ ಮಕ್ಕಳನ್ನು 21 ತುಂಬಿದಾಗ ಬಿಡುತ್ತೇನೆ ಅಂತ ಜೆಫರ್ಸನ್ ಮಾತು ಕೊಟ್ಟ. ಅವಳು ಬಂದಳು. ಆ ಮೊದಲ ಮಗು ಹೆಚ್ಚು ದಿನ ಬದುಕಲಿಲ್ಲ. ಮುಂದೆ ಹುಟ್ಟಿದವರಲ್ಲಿ ನಾಲ್ವರು ದೊಡ್ಡವರಾದರು: ಬೆವರ್ಲಿ, ಹ್ಯಾರಿಯೆಟ್, ಮ್ಯಾಡಿಸನ್, ಎಸ್ಟನ್.

ಇದನ್ನು ಪ್ರೇಮಕತೆ ಮಾಡಿದವರಿದ್ದಾರೆ. ಒಪ್ಪೋದು ಕಷ್ಟ. ಒಲ್ಲೆ ಅನ್ನುವ ಹಕ್ಕು ಕಾನೂನಿನಲ್ಲಿ ಇಲ್ಲದವಳ ಒಪ್ಪಿಗೆಗೆ ಏನು ಅರ್ಥ? ಹಾಗಂತ ಸ್ಯಾಲಿಯನ್ನು ಬರೀ ನೊಂದವಳು ಅಂತ ನೋಡಿದರೂ ತಪ್ಪಾಗುತ್ತದೆ. 16 ವರ್ಷದ ಹುಡುಗಿ ತನ್ನ ಕೈಲಿದ್ದ ಒಂದೇ ಒಂದು ದಾಳವನ್ನು ಉರುಳಿಸಿ ಹುಟ್ಟದ ಮಕ್ಕಳ ಬಿಡುಗಡೆ ಗೆದ್ದುಕೊಂಡಳು.

'ಕಾಗದ ಎಲ್ಲಿ?'

ಈ ಸಂಬಂಧ ಗುಟ್ಟೇನೂ ಆಗಿರಲಿಲ್ಲ. 1802ರಲ್ಲಿ, ಜೆಫರ್ಸನ್ ಅಧ್ಯಕ್ಷನಾಗಿದ್ದಾಗಲೇ, ಜೇಮ್ಸ್ ಕ್ಯಾಲೆಂಡರ್ ಎಂಬ ಪತ್ರಕರ್ತ ರಿಚ್ಮಂಡ್‌ನ ಪತ್ರಿಕೆಯಲ್ಲಿ ಸ್ಯಾಲಿಯ ಹೆಸರು ಹಿಡಿದೇ ಬರೆದ. ಜೆಫರ್ಸನ್ ಬಹಿರಂಗವಾಗಿ ಹೌದು ಅನ್ನಲಿಲ್ಲ, ಅಲ್ಲ ಅನ್ನಲೂ ಇಲ್ಲ. ಕ್ಯಾಲೆಂಡರ್‌ಗೆ ಆತನ ಮೇಲೆ ಸಿಟ್ಟಿತ್ತು, ಹಾಗಾಗಿ ಸುಮ್ನೆ ಕೆಸರೆರಚಾಟ ಅಂತ ಬದಿಗೆ ಸರಿಸಲು ನೆಪ ಸಿಕ್ಕಿತು. ಜೆಫರ್ಸನ್‌ನ ಮೊಮ್ಮಕ್ಕಳು ಬೇರೆ ವಿವರಣೆ ಕೊಟ್ಟರು: ಆ ಮಕ್ಕಳು ತಾತನ ಸೋದರಳಿಯಂದಿರಾದ ಕಾರ್ ಸಹೋದರರದ್ದು.

1873ರಲ್ಲಿ ಓಹಾಯೋದ ಸಣ್ಣ ಪತ್ರಿಕೆಯೊಂದರಲ್ಲಿ ಮ್ಯಾಡಿಸನ್ ಹೆಮಿಂಗ್ಸ್‌ನ ಆತ್ಮಕತೆ ಬಂತು. ಅಪ್ಪ ಯಾರು, ಅಮ್ಮ ಏನು ಹೇಳಿದಳು, ಅಜ್ಜಿಯ ಅಪ್ಪ ಯಾರು ಎಲ್ಲವೂ ಅದರಲ್ಲಿತ್ತು. ನೂರು ವರ್ಷ ಹೆಚ್ಚಿನ ಇತಿಹಾಸಕಾರರು ಅದನ್ನು ಪಕ್ಕಕ್ಕಿಟ್ಟರು. ಮೊಮ್ಮಕ್ಕಳ ಮಾತೂ ಮನೆಮಾತೇ, ಮ್ಯಾಡಿಸನ್‌ನ ಮಾತೂ ಮನೆಮಾತೇ. ಆದರೆ ಬಿಳಿಯರ ಮನೆಮಾತು ಸಾಕ್ಷ್ಯವಾಯಿತು, ಕರಿಯರದ್ದು ಗಾಳಿಸುದ್ದಿಯಾಯಿತು. ಲಿಖಿತ ದಾಖಲೆ ಎಲ್ಲಿ ಅಂತ ಕೇಳಿದರು. ದಾಖಲೆ ಎಲ್ಲಿಂದ ಬರಬೇಕು? ಜೆಫರ್ಸನ್ ತನ್ನ ತೋಟದ ಪುಸ್ತಕದಲ್ಲಿ ಗುಲಾಮರ ಹುಟ್ಟು, ಹಂಚಿದ ಬಟ್ಟೆ, ಕಂಬಳಿ ಎಲ್ಲ ಬರೆದಿಟ್ಟವನು. ಸ್ಯಾಲಿಯ ಮಕ್ಕಳ ಹುಟ್ಟೂ ಅದರಲ್ಲಿದೆ. ಅಪ್ಪನ ಹೆಸರಿಲ್ಲ. ಅಪ್ಪನನ್ನು ಕಾಗದದಿಂದ ಹೊರಗಿಟ್ಟದ್ದು ಕಾನೂನು. ಆ ಕಾಗದ ತೋರಿಸಿ ಅಂತ ಕೇಳಿದ್ದು ಆ ಕಾನೂನಿನ ಫಲ ಉಂಡವರ ಕಡೆಯವರು.

ಇತಿಹಾಸಕಾರ್ತಿ ಅನೆಟ್ ಗಾರ್ಡನ್ ರೀಡ್ 1997ರಲ್ಲಿ ಈ ತಾರತಮ್ಯವನ್ನೇ ಎತ್ತಿ ತೋರಿಸಿದರು. ಮರುವರ್ಷ ಡಿಎನ್ಎ ಬಂತು.

ಆ ಪರೀಕ್ಷೆ ಏನು ಹೇಳಿತು, ಏನು ಹೇಳಲಿಲ್ಲ ಅನ್ನೋದರಲ್ಲೇ ಜಾಸ್ತಿ ಗೊಂದಲ ಇದೆ. ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹೆಚ್ಚುಕಡಿಮೆ ಬದಲಾಗದೆ ಹೋಗುತ್ತದೆ. ಜೆಫರ್ಸನ್‌ಗೆ ಮಾರ್ಥಾಳಿಂದ ಬದುಕಿ ಉಳಿದ ಗಂಡುಮಕ್ಕಳಿಲ್ಲ. ಹಾಗಾಗಿ ಆತನ ಅಪ್ಪನ ಸೋದರನ ಗಂಡುಸಂತತಿಯವರ ರಕ್ತ ತೆಗೆದುಕೊಂಡರು. ಎಸ್ಟನ್‌ನ ಗಂಡುಸಂತತಿಯವರೊಬ್ಬರ ರಕ್ತವನ್ನೂ ತೆಗೆದುಕೊಂಡರು. ಎರಡೂ ಹೊಂದಿದವು. ಕಾರ್ ಮನೆತನದ್ದು ಹೊಂದಲಿಲ್ಲ. ಅಂದರೆ ಮೊಮ್ಮಕ್ಕಳ ವಿವರಣೆ ಎಸ್ಟನ್ ವಿಷಯದಲ್ಲಿ ಬಿದ್ದುಹೋಯಿತು. ಎಸ್ಟನ್‌ನ ಅಪ್ಪ ಜೆಫರ್ಸನ್ ಮನೆತನದ ಗಂಡಸು ಎಂದು ಗೊತ್ತಾಯಿತು. ಯಾವ ಗಂಡಸು ಅನ್ನೋದನ್ನು ಡಿಎನ್ಎ ಒಂದೇ ಹೇಳಲಾರದು.

ವಿರೋಧಿಗಳು ಹಿಡಿದುಕೊಂಡದ್ದು ಈ ಸಂದನ್ನೇ. ಜೆಫರ್ಸನ್‌ನ ತಮ್ಮ ರ‍್ಯಾಂಡಾಲ್ಫ್ ಇರಬಹುದು ಅಂದರು. ತಮಾಷೆ ಅಂದರೆ ಡಿಎನ್ಎ ಬರುವ ಮುಂಚೆ ರ‍್ಯಾಂಡಾಲ್ಫ್ ಹೆಸರನ್ನು ಗಂಭೀರವಾಗಿ ಎತ್ತಿದವರೇ ಇರಲಿಲ್ಲ. ಇನ್ನೊಂದು ಪಕ್ಕದಲ್ಲಿ ಪಟ್ಟಿ ಉದ್ದ ಇದೆ: ಮಾಂಟಿಸೆಲೊದಲ್ಲಿ ಸ್ಯಾಲಿಗೆ ಮಗು ನಿಂತ ಪ್ರತಿ ಸಲವೂ ಜೆಫರ್ಸನ್ ಅಲ್ಲೇ ಇದ್ದ. ಬದುಕಿ ಉಳಿದ ಅವಳ ಎಲ್ಲ ಮಕ್ಕಳೂ ಬಿಡುಗಡೆಯಾದರು, ಅಲ್ಲಿನ ಬೇರೆ ಯಾವ ಗುಲಾಮ ಸಂಸಾರಕ್ಕೂ ಆ ಭಾಗ್ಯ ಇರಲಿಲ್ಲ. ಮಾಂಟಿಸೆಲೊ ನಡೆಸುವ ಪ್ರತಿಷ್ಠಾನ 2000ದಲ್ಲಿ ಸ್ಯಾಲಿಯ ಎಲ್ಲ ಮಕ್ಕಳ ಅಪ್ಪನೂ ಬಹುಶಃ ಜೆಫರ್ಸನ್ ಅಂದಿತು. 2001ರಲ್ಲಿ ಇನ್ನೊಂದು ವಿದ್ವಾಂಸರ ಗುಂಪು ಅದನ್ನು ಒಪ್ಪಲಿಲ್ಲ. 2018ರಲ್ಲಿ ಪ್ರತಿಷ್ಠಾನ ಇನ್ನು ಇದನ್ನು ಇತ್ಯರ್ಥವಾದ ವಿಷಯ ಎಂದೇ ನೋಡುತ್ತೇವೆ ಅಂತ ಹೇಳಿ ಸ್ಯಾಲಿಯ ಬದುಕಿನ ಪ್ರದರ್ಶನ ತೆರೆಯಿತು. ಇವತ್ತು ಹೆಚ್ಚಿನ ಇತಿಹಾಸಕಾರರ ನಿಲುವೂ ಅದೇ.

ಬಿಳಿ ಬಣ್ಣದ ಗುಲಾಮರು

ಇನ್ನೊಂದು ವಿಚಿತ್ರ. ಬೆಟ್ಟಿಯ ಅಮ್ಮ ಪೂರ್ತಿ ಆಫ್ರಿಕಾದವಳು. ಬೆಟ್ಟಿ ಅರ್ಧ, ಸ್ಯಾಲಿ ಕಾಲು, ಸ್ಯಾಲಿಯ ಮಕ್ಕಳು ಅರೆಕಾಲು. ಕಾಲು ಪಾಲಿಗಿಂತ ಕಡಿಮೆ ಕರಿಯರ ರಕ್ತ ಇದ್ದವರು ಆಗಿನ ವರ್ಜೀನಿಯಾ ಕಾನೂನಿನಲ್ಲಿ ಬಿಳಿಯರು. ಅಂದರೆ ಈ ಮಕ್ಕಳು ಬಣ್ಣದಲ್ಲಿ ಬಿಳಿಯರು, ಅಮ್ಮನ ದೆಸೆಯಿಂದ ಗುಲಾಮರು. ಜೆಫರ್ಸನ್ 1815ರಲ್ಲಿ ಒಂದು ಪತ್ರದಲ್ಲಿ ಈ ರಕ್ತದ ಭಾಗಾಕಾರವನ್ನು ಬೀಜಗಣಿತ ಹಾಕಿ ವಿವರಿಸಿದ್ದಾನೆ.

ಬೆವರ್ಲಿ, ಹ್ಯಾರಿಯೆಟ್ 1820ರ ದಶಕದ ಶುರುವಿನಲ್ಲಿ ಮನೆ ಬಿಟ್ಟರು. ಯಾರೂ ಹುಡುಕಲಿಲ್ಲ. ಹ್ಯಾರಿಯೆಟ್‌ಗೆ ಮೇಲ್ವಿಚಾರಕನ ಕೈಲಿ 50 ಡಾಲರ್ ಕೊಡಿಸಿ ಗಾಡಿ ಹತ್ತಿಸಿದರು. ಇಬ್ಬರೂ ಬಿಳಿಯರ ನಡುವೆ ಬೆರೆತು ಕಣ್ಮರೆಯಾದರು. ಮ್ಯಾಡಿಸನ್ ಓಹಾಯೋದಲ್ಲಿ ಕರಿಯನಾಗಿಯೇ ಬದುಕಿದ. ಎಸ್ಟನ್ 1852ರಲ್ಲಿ ವಿಸ್ಕಾನ್ಸಿನ್‌ಗೆ ಹೋಗಿ ಹೆಸರನ್ನು ಎಸ್ಟನ್ ಜೆಫರ್ಸನ್ ಅಂತ ಬದಲಿಸಿಕೊಂಡು ಬಿಳಿಯನಾದ. ಆತನ ಮಗ ಅಂತರ್ಯುದ್ಧದಲ್ಲಿ ಬಿಳಿಯರ ದಳದ ಕರ್ನಲ್. ಮ್ಯಾಡಿಸನ್‌ನ ಮಗಳ ಮಗ ಫ್ರೆಡರಿಕ್ ರಾಬರ್ಟ್ಸ್ 1918ರಲ್ಲಿ ಕ್ಯಾಲಿಫೋರ್ನಿಯಾ ಶಾಸನಸಭೆಗೆ ಆಯ್ಕೆಯಾದ ಮೊದಲ ಕರಿಯ. ಅಣ್ಣತಮ್ಮಂದಿರ ಸಂತತಿ ಹೀಗೆ ಬಣ್ಣದ ಗೆರೆಯ ಆಚೆಗೊಂದು ಈಚೆಗೊಂದು ಆಯಿತು.

ಹರಾಜು

1826ರ ಜುಲೈ 4ರಂದು, ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ ದಿನ, ಜೆಫರ್ಸನ್ ಸತ್ತ. ಸಾಲ 1,07,000 ಡಾಲರ್ ದಾಟಿತ್ತು. ಉಯಿಲಿನಲ್ಲಿ ಐವರಿಗೆ ಬಿಡುಗಡೆ, ಐವರೂ ಹೆಮಿಂಗ್ಸ್ ಕುಟುಂಬದವರು. ಸ್ಯಾಲಿಯ ಹೆಸರು ಆ ಐದರಲ್ಲಿ ಇಲ್ಲ. ಜೆಫರ್ಸನ್‌ನ ಮಗಳು ಅವಳನ್ನು ಸದ್ದಿಲ್ಲದೆ ಹೋಗಲು ಬಿಟ್ಟಳು. 1835ರಲ್ಲಿ ತೀರಿಕೊಳ್ಳುವವರೆಗೂ ಅವಳು ಮಕ್ಕಳ ಜೊತೆ ಶಾರ್ಲಟ್ಸ್‌ವಿಲ್‌ನಲ್ಲಿದ್ದಳು.

ಐವರಲ್ಲಿ ಒಬ್ಬ ಜೋ ಫಾಸೆಟ್, ಬೆಟ್ಟಿಯ ಮೊಮ್ಮಗ, ಕಮ್ಮಾರ. ಉಯಿಲು ಅವನನ್ನು ಬಿಟ್ಟಿತು. ಹೆಂಡತಿ ಈಡಿತ್‌ಳನ್ನೂ ಮಕ್ಕಳನ್ನೂ ಬಿಡಲಿಲ್ಲ. ಈಡಿತ್ ಅಧ್ಯಕ್ಷರ ಭವನದಲ್ಲಿ ಫ್ರೆಂಚ್ ಅಡುಗೆ ಕಲಿತ ಬಾಣಸಿಗಳು. 1827ರ ಜನವರಿಯ ಚಳಿಯಲ್ಲಿ ಮಾಂಟಿಸೆಲೊದಲ್ಲಿ 130 ಜನರ ಹರಾಜಿಗೆ ಜಾಹೀರಾತು ಬಂತು. ಅದರಲ್ಲಿ ಜೋನ ಹೆಂಡತಿ ಮಕ್ಕಳೂ ಇದ್ದರು. ಸ್ವತಂತ್ರ ಮನುಷ್ಯನೊಬ್ಬ ತನ್ನ ಸಂಸಾರ ಬಿಕರಿಯಾಗುವುದನ್ನು ನೋಡಬೇಕಾಯಿತು. ಜೋ ವರ್ಷಗಟ್ಟಲೆ ದುಡಿದು, ನಂಟರ ನೆರವು ಪಡೆದು, ಒಬ್ಬೊಬ್ಬರನ್ನೇ ಬಿಡಿಸಿಕೊಂಡ. 11 ವರ್ಷಕ್ಕೆ ಹರಾಜಾದ ಮಗ ಪೀಟರ್ ಮನೆಯವರನ್ನು ಸೇರಲು 1850 ಬರಬೇಕಾಯಿತು. ಮುಂದೆ ಪೀಟರ್ ಸಿನ್ಸಿನಾಟಿಯಲ್ಲಿ ಬ್ಯಾಪ್ಟಿಸ್ಟ್ ಪಾದ್ರಿಯಾದ.

ಬೋರ್ಡು ಕಳಚಿದರೆ ಏನಾಗುತ್ತದೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಆದೇಶದ ಪರ ಇರುವವರ ವಾದ ಹೀಗಿದೆ: ದೇಶ ಕಟ್ಟಿದವರ ಮನೆಗೆ ಜನ ಬರುವುದು ಅವರ ಸಾಧನೆ ತಿಳಿಯಲು. ಎಲ್ಲ ಕಡೆ ಗುಲಾಮಗಿರಿಯನ್ನೇ ಮುಂದೆ ಇಟ್ಟರೆ ಮಕ್ಕಳಿಗೆ ದೇಶದ ಮೇಲೆ ನಾಚಿಕೆ ಮಾತ್ರ ಹುಟ್ಟುತ್ತದೆ. ಈ ಆತಂಕವನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. ಜೆಫರ್ಸನ್ ಅಂದರೆ ಸ್ಯಾಲಿಯ ಯಜಮಾನ ಅಷ್ಟೇ ಅಂತ ಹೇಳುವ ಬೋರ್ಡೂ ಅರೆಬರೆ ಬೋರ್ಡೇ.

ವಿರೋಧಿಸುವವರು ಹೇಳೋದು: ಹೆಸರು, ತಾರೀಖು, ಸಂಬಂಧ ಇವು ಹೀಗಳಿಕೆ ಅಲ್ಲ, ಸಂಗತಿ. ಆದೇಶದ ದೊಡ್ಡ ಸಮಸ್ಯೆಯೂ ಇಲ್ಲೇ ಇದೆ. 'ಅನುಚಿತವಾಗಿ ಹೀಗಳೆಯುವುದು' ಅಂದರೆ ಏನು? ರಾಬರ್ಟ್ ಜೆಫರ್ಸನ್‌ನ ಬಾಮೈದ ಅನ್ನೋ ವಾಕ್ಯದಲ್ಲಿ ಒಂದೂ ಬೈಗುಳ ಇಲ್ಲ. ಆದರೂ ಅದನ್ನು ಓದಿದವರು ಜೆಫರ್ಸನ್‌ನನ್ನು ಮೊದಲಿನ ಹಾಗೆ ನೋಡಲಾರರು. ಅಳತೆಗೋಲು ಅಸ್ಪಷ್ಟವಾಗಿದ್ದಾಗ ಕೆಳಗಿನ ಅಧಿಕಾರಿ ಅಪಾಯ ತಂದುಕೊಳ್ಳುವುದಿಲ್ಲ. ಅನುಮಾನ ಬಂದದ್ದನ್ನೆಲ್ಲ ತೆಗೆದುಬಿಡುತ್ತಾನೆ.

ಮಾಂಟಿಸೆಲೊಗೆ ಇದು ನೇರವಾಗಿ ತಟ್ಟುವುದಿಲ್ಲ. ಅದು ಖಾಸಗಿ ಪ್ರತಿಷ್ಠಾನದ ಕೈಯಲ್ಲಿದೆ. 1993ರಿಂದ ಅದು ಅಲ್ಲಿನ ಗುಲಾಮರ ಸಂತತಿಯವರನ್ನು ಹುಡುಕಿ ಅವರ ಮನೆಮಾತುಗಳನ್ನು ದಾಖಲಿಸುತ್ತಾ ಬಂದಿದೆ. ಆದರೆ ಎಲ್ಲ ಕುಟುಂಬಗಳಿಗೂ ಹೆಮಿಂಗ್ಸ್ ಕುಟುಂಬದ ಅನುಕೂಲ ಇಲ್ಲ. ಜೆಫರ್ಸನ್‌ನಂಥ ಲೆಕ್ಕಪುಸ್ತಕ ಬರೆದಿಟ್ಟ ಯಜಮಾನ, ಮ್ಯಾಡಿಸನ್‌ನಂಥ ಮಾತಾಡಿದ ಮಗ, ಹೊಂದಿಕೆಯಾದ ಡಿಎನ್ಎ ಎಲ್ಲ ಇದ್ದೂ ಈ ಕುಟುಂಬದ ಮಾತು ಒಪ್ಪಿತವಾಗಲು ಸುಮಾರು 200 ವರ್ಷ ಹಿಡಿಯಿತು. ಇಷ್ಟೆಲ್ಲ ಇಲ್ಲದವರ ಪಾಲಿಗೆ ಒಂದು ಸರ್ಕಾರಿ ಫಲಕ ಅಂದರೆ ಮನೆಮಾತು ಕಾಗದವಾದ ಮೊದಲ ಸಲ. ಅದು ಕಳಚಿಹೋದರೆ ಅವರು ಮತ್ತೆ ಮನೆಮಾತಿಗೇ ವಾಪಸ್. ನಾಳೆ ಯಾರೋ 'ಕಾಗದ ಎಲ್ಲಿ' ಅಂತ ಕೇಳುತ್ತಾರೆ.

2026ರಲ್ಲಿ ಘೋಷಣೆಗೆ 250 ತುಂಬುವುದರಿಂದ ಒತ್ತಡ ಎರಡೂ ಕಡೆ ಜಾಸ್ತಿ. ಸರ್ಕಾರಿ ಜಾಗದಲ್ಲಿ ಏನು ಬರೆಯಬೇಕು ಅನ್ನೋದು ಸರ್ಕಾರದ ಇಷ್ಟವೇ, ಇಲ್ಲ ಅದಕ್ಕೂ ಮಿತಿ ಇದೆಯೇ ಎಂಬ ಪ್ರಶ್ನೆ ಕೋರ್ಟುಗಳ ಮುಂದೆ ಬಂದಿದೆ. ಆದರೆ ಕುಟುಂಬದೊಳಗಿನ ಜಗಳಕ್ಕೆ ಕೋರ್ಟು ಏನೂ ಮಾಡಲಾರದು. ಮಾಂಟಿಸೆಲೊ ಗುಡ್ಡದಲ್ಲಿ ಜೆಫರ್ಸನ್ ಮನೆತನದ ಸ್ಮಶಾನ ಇದೆ. ಅದು ಮಾರ್ಥಾಳ ಕಡೆಯ ಸಂತತಿಯವರ ಸಂಘಕ್ಕೆ ಸೇರಿದ್ದು. ಡಿಎನ್ಎ ಫಲಿತಾಂಶ ಬಂದು ನಾಲ್ಕು ವರ್ಷವಾದ ಮೇಲೆ, 2002ರಲ್ಲಿ, ಆ ಸಂಘ ಮತ ಹಾಕಿ ಹೆಮಿಂಗ್ಸ್ ಸಂತತಿಯವರಿಗೆ ಸದಸ್ಯತ್ವ ಇಲ್ಲ ಅಂದಿತು. ಅದೇ ಗುಡ್ಡದ ಇನ್ನೊಂದು ಕಡೆ, ಪ್ರವಾಸಿಗರು ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲಿ, ಗುಲಾಮರನ್ನು ಹೂಳುತ್ತಿದ್ದ ನೆಲ ಇದೆ. ಅಲ್ಲಿ 40ಕ್ಕೂ ಹೆಚ್ಚು ಸಮಾಧಿಗಳಿವೆ. ಸ್ಯಾಲಿಯನ್ನು ಎಲ್ಲಿ ಹೂಳಿದರು ಅನ್ನೋದು ಇವತ್ತಿಗೂ ಗೊತ್ತಾಗಿಲ್ಲ.